ನನ್ನ ಡಿಪ್ಲೊಮಾ ಮತ್ತು ಕಾಕಾನ ಹಾರೆ

ನಮ್ಮ ಅಪ್ಪನಿಗೆ ಕೈಗೆ ಸಿಕ್ಕಿದ್ದನ್ನೆಲ್ಲ ತೂಗಿ ನೋಡುವ ಚಟ. ರೋಣದ ಪೇಟೆಯಲ್ಲಿ ಅವನದು ದಲಾಲಿ ಅಂಗಡಿ. ಜೋಳ, ಕಡಲೆ, ಹತ್ತಿ ಎಂದು ಜೀವಮಾನವೆಲ್ಲ ತೂಗಿ ತೂಗಿ ಈಗ ಅವನ ಅಂಗೈಯೇ ತಕ್ಕಡಿಯಾಗಿದೆ. ಮನೆಗೆ ಬದನೆಕಾಯಿ ಬಂದರೆ ತೂಗುತ್ತಾನೆ, ಹೊಸ ಚಪ್ಪಲಿ ತಂದರೆ ತೂಗುತ್ತಾನೆ, ಓಣಿಯಲ್ಲಿ ಯಾರಿಗಾದರೂ ಕೂಸು ಹುಟ್ಟಿದರೆ ಎತ್ತಿ ಮುದ್ದಾಡುವ ನೆವದಲ್ಲಿ ಅದನ್ನೂ ತೂಗಿ ತಾಯಿಗೆ ವಜನು ಹೇಳಿ ಬರುತ್ತಾನೆ. ಹಾಗಾಗಿ ನನ್ನ ಸಿವಿಲ್ ಡಿಪ್ಲೊಮಾದ ಸರ್ಟಿಫಿಕೇಟು ಮನೆಗೆ ಬಂದ ದಿನ ಅವನು ಅದನ್ನು ಓದುವ ಮೊದಲೇ ಅಂಗೈ ಮೇಲಿಟ್ಟುಕೊಂಡು ಮೇಲೆ ಕೆಳಗೆ ಆಡಿಸಿದ್ದು ನನಗೇನೂ ಆಶ್ಚರ್ಯವೆನಿಸಲಿಲ್ಲ.

"ಮೂರು ವರ್ಷದ್ದು ಇಷ್ಟ ಏನವಾ? ಭಾಳ ಹಗರ ಐತಿ," ಅಂದ.

ಅವತ್ತು ನಾನೂ ನಕ್ಕೆ. ನಗಬಾರದಿತ್ತು. ಯಾಕೆಂದರೆ ಆ ಮಾತು ಅಲ್ಲಿಗೇ ಮುಗಿಯಲಿಲ್ಲ, ಮನೆಯಿಂದ ಓಣಿಗೆ, ಓಣಿಯಿಂದ ಬೀಗರ ಮನೆಗಳಿಗೆ ಹೋಗಿ, ಬರುವಾಗ ಇನ್ನೊಂದು ರೂಪದಲ್ಲಿ ಬಂತು: "ಡಿಪ್ಲೊಮಾ ಮಾಡಿ ಏನ ಬಂತು?" ಈ ಪ್ರಶ್ನೆಯ ಮಜಾ ನೋಡಿ. ಕೇಳುವವರಿಗೆ ಉತ್ತರ ಬೇಕಾಗಿರುವುದಿಲ್ಲ. ಉತ್ತರ ಅವರ ಹುಬ್ಬಿನಲ್ಲೇ ಇರುತ್ತದೆ. ಮದುವೆ ಮನೆಯಲ್ಲಿ ಮಾದಲಿ ಬಡಿಸುತ್ತಾ ಕೇಳುತ್ತಾರೆ, ಬಸ್ಸಿನಲ್ಲಿ ಪಕ್ಕಕ್ಕೆ ಸರಿದು ಜಾಗ ಕೊಡುತ್ತಾ ಕೇಳುತ್ತಾರೆ, ದವಾಖಾನೆಯಲ್ಲಿ ಸಲಾಯಿನ್ ಹಚ್ಚಿಸಿಕೊಂಡು ಮಲಗಿದವರೂ ಕಣ್ಣು ಬಿಟ್ಟು ಕೇಳುತ್ತಾರೆ. ಹತ್ತು ಮಂದಿಗೆ ಹತ್ತು ಥರ ಉತ್ತರ ಹೇಳಿ ಸಾಕಾಗಿ, ಕೊನೆಗೆ "ಏನೂ ಬರಲಿಲ್ರಿ, ನೀವು ಆರಾಮ ಅದೀರಲ್ಲ?" ಎಂದು ಮಾತು ತಿರುಗಿಸುವುದನ್ನು ಕಲಿತೆ.

ಇದು ನನ್ನೊಬ್ಬಳ ವಿಷಯವಾಗಿದ್ದರೆ ಹಾಗೇ ನುಂಗಿಕೊಂಡು ಹೋಗುತ್ತಿದ್ದೆನೇನೋ. ಆದರೆ ನನಗೊಬ್ಬಳು ತಂಗಿ ಇದ್ದಾಳೆ, ರೂಪಾ. ನನಗಿಂತ ಭಾಳ ಸಣ್ಣವಳು. ಆಕೆ ಎಸ್ಸೆಸ್ಸೆಲ್ಸಿ ಪಾಸಾಗಿ ಬಂದವಳೇ "ನಾನೂ ಅಕ್ಕನಂಗ ಡಿಪ್ಲೊಮಾ ಮಾಡ್ತೀನಿ" ಅಂದಳು. ಅಂದ ಗಳಿಗೆಯಿಂದ ನನ್ನ ಡಿಪ್ಲೊಮಾ ಬರೀ ನನ್ನದಾಗಿ ಉಳಿಯಲಿಲ್ಲ. ಅಪ್ಪನ ಅಂಗಡಿಯಲ್ಲಿ ಚೀಲಕ್ಕೆ ಸಲಾಕೆ ಚುಚ್ಚಿ ಒಂದು ಹಿಡಿ ಮಾದರಿ ಕಾಳು ತೆಗೆಯುತ್ತಾರಲ್ಲ, ಹಾಗೆ ನಾನು ಮಾದರಿಯಾದೆ. ಮಾದರಿಯಲ್ಲಿ ಹುಳ ಕಂಡರೆ ಚೀಲವೇ ವಾಪಸು. ನನ್ನಿಂದ ಏನೂ ಬಂದಿಲ್ಲ ಎಂದು ಹಿರಿಯರು ತೀರ್ಮಾನಿಸಿದರೆ ರೂಪಾ ಮನೆಯಲ್ಲೇ ಕೂತು, ರೊಟ್ಟಿ ಬಡಿಯುತ್ತಾ, ನೋಡಲು ಬರುವವರ ದಾರಿ ಕಾಯಬೇಕು. ಹಿರಿಯರು ಕೂತು ತೀರ್ಮಾನಿಸುವ ತನಕ ಹದಿನೈದು ದಿನ ಹುಡುಗಿ ನನ್ನ ಮುಖವನ್ನೇ ನೋಡುತ್ತಿದ್ದಳು.

ಹಾಗಾದರೆ ಖರ್ಚೇನು, ಗಳಿಕೆ ಏನು? ನಾನೂ ದಲಾಲಿ ಅಂಗಡಿಯವನ ಮಗಳೇ, ಲೆಕ್ಕಕ್ಕೆ ಹೆದರುವವಳಲ್ಲ.

ಖರ್ಚಿನಲ್ಲಿ ಮೊದಲಿಗೆ ಬರುವುದು ರೋಣದಿಂದ ಗದಗಿಗೆ ಹೋಗುವ ಮುಂಜಾನೆಯ ಬಸ್ಸು. ಆ ಬಸ್ಸಿಗೆ ನಾನು ಕೊಟ್ಟ ಟಿಕೇಟಿನ ದುಡ್ಡು ಬಿಡಿ, ಕೊಟ್ಟ ಮರ್ಯಾದೆಯ ಲೆಕ್ಕ ಕೇಳಿ. ಸಿವಿಲ್ ಓದುವವರ ಹತ್ತಿರ ನಕ್ಷೆ ತೆಗೆಯುವ ದೊಡ್ಡ ಹಲಗೆ ಇರುತ್ತದೆ. ಅದನ್ನು ಬಗಲಲ್ಲಿ ಹಿಡಿದುಕೊಂಡು ಬಸ್ಸು ಹತ್ತಿದರೆ ಒಂದು ಮೂಲೆ ಕಂಡಕ್ಟರನ ಹೊಟ್ಟೆಗೆ, ಇನ್ನೊಂದು ಮೂಲೆ ಯಾರದೋ ಬುಟ್ಟಿಗೆ. ಒಬ್ಬ ಅಜ್ಜಿ ಹಲಗೆಯನ್ನು ತಟ್ಟಿ ತಟ್ಟಿ ನೋಡಿ, "ರೊಟ್ಟಿ ಬಡ್ಯಾಕ ಇಷ್ಟ ದೊಡ್ಡ ಹಲಗಿ ಯಾಕ ಬೇ? ಮನ್ಯಾಗ ಮಂದಿ ಭಾಳ ಅದಾರೇನು?" ಅಂದಳು. ನಕ್ಷೆಯ ಹಾಳೆ ಸುತ್ತಿಡುವ ಉದ್ದನೆಯ ಡಬ್ಬಿಯನ್ನು ಕಂಡು ಇನ್ನೊಬ್ಬರು ಅದು ಬಂದೂಕಿನ ಚೀಲವೋ ಎಂದು ದೂರ ಸರಿದು ಕೂತರು. ನನಗೆ ಕಾಲು ಚಾಚಲು ಜಾಗ ಸಿಕ್ಕಿತು. ಇದನ್ನು ಗಳಿಕೆಯಲ್ಲಿ ಬರೆದುಕೊಳ್ಳಬಹುದು.

ಖರ್ಚಿನಲ್ಲಿ ಎರಡನೆಯದು ಗಂಡು. ನಗಬೇಡಿ, ನಮ್ಮ ಕಡೆ ಇದೇ ದೊಡ್ಡ ಖರ್ಚು. ನರಗುಂದದಿಂದ ಒಂದು ಕಡೆಯವರು ನನ್ನನ್ನು ನೋಡಲು ಬಂದಿದ್ದರು. ಹುಡುಗ ಬಿ.ಇ. ಅವನ ತಾಯಿ ಅವಲಕ್ಕಿ ತಿಂದು, ಕೈ ತೊಳೆದುಕೊಂಡು, "ಹುಡುಗಿ ಚಲೋ ಅದಾಳ್ರಿ, ಆದ್ರ ಬರೇ ಡಿಪ್ಲೊಮಾ. ನಮ್ಮ ಹುಡುಗ ಪೂರಾ ಇಂಜಿನಿಯರ," ಅಂದಳು. ಅಂದರೆ ನಾನು ಅರ್ಧ. ಸರಿ. ಅದಾದ ಮೇಲೆ ಗಜೇಂದ್ರಗಡದಿಂದ ಇನ್ನೊಂದು ಕಡೆಯವರು ಬಂದರು. ಸೀರೆ ಅಂಗಡಿಯವರು, ಹುಡುಗ ಹತ್ತನೇ ಇಯತ್ತೆಗೆ ಕೈಮುಗಿದವನು. ಅವರೂ ಅವಲಕ್ಕಿ ತಿಂದರು. "ಹುಡುಗಿ ಚಲೋ ಅದಾಳ್ರಿ, ಆದ್ರ ಭಾಳ ಓದ್ಯಾಳ," ಅಂದರು. ನರಗುಂದಕ್ಕೆ ಕಡಿಮೆಯಾದ ನಾನು ಗಜೇಂದ್ರಗಡಕ್ಕೆ ಹೆಚ್ಚಾಗಿದ್ದೆ. ನಡುವೆ ಎಲ್ಲಾದರೂ ಸರಿಯಾದ ಊರು ಸಿಕ್ಕೀತೇ ಎಂದು ಅವ್ವ ಕೈಬಿಡದೆ ಹುಡುಕುತ್ತಿದ್ದಳು. ನಾನು ಮಾತ್ರ ಅವಲಕ್ಕಿ ಒಗ್ಗರಣೆ ಹಾಕುವುದನ್ನು ಬಿಟ್ಟುಬಿಟ್ಟೆ. ಬಂದವರು ಬರೀ ಚಹಾ ಕುಡಿದು ಹೋಗಲಿ.

ಈ ಅರ್ಧ ಇಂಜಿನಿಯರ್ ಎಂಬ ಮಾತಿನ ಮೇಲೆ ನನಗೆ ಭಾಳ ಸಿಟ್ಟು. ಆ ಸಿಟ್ಟಿನಲ್ಲೇ ಒಮ್ಮೆ ಒಂದು ಸಂಶೋಧನೆ ಮಾಡಿದೆ. ನಮ್ಮಲ್ಲಿ ಮನೆ ಕಟ್ಟುವ ಮೊದಲು ಆಯ ನೋಡುತ್ತಾರೆ. ಮನೆಯ ಉದ್ದವನ್ನು ಅಗಲದಿಂದ ಗುಣಿಸಿ ಎಂಟರಿಂದ ಭಾಗಿಸಬೇಕು. ಉಳಿದದ್ದು ಒಂದಾದರೆ ಧ್ವಜ, ಎರಡಾದರೆ ಧೂಮ, ಮೂರು ಸಿಂಹ, ನಾಲ್ಕು ಶ್ವಾನ, ಐದು ವೃಷಭ, ಹೀಗೆ ಎಂಟರ ತನಕ. ಧ್ವಜ, ಸಿಂಹ, ವೃಷಭ, ಗಜ ಬಂದರೆ ಶುಭ. ಧೂಮ ಬಂದರೆ ಮನೆಯಲ್ಲಿ ಹೊಗೆ, ಶ್ವಾನ ಬಂದರೆ ಕಚ್ಚಾಟ. ನಾನು ಈ ಲೆಕ್ಕವನ್ನು ಓದಿಗೆ ಹಚ್ಚಿ ನೋಡಿದೆ. ಡಿಪ್ಲೊಮಾ ಮೂರು ವರ್ಷ: ಸಿಂಹಾಯ! ಬಿ.ಇ. ನಾಲ್ಕು ವರ್ಷ: ಏನಾಯಿತೆಂದು ನೀವೇ ಎಣಿಸಿಕೊಳ್ಳಿ, ನಾನು ಬಾಯಿಬಿಟ್ಟು ಹೇಳುವುದಿಲ್ಲ, ನರಗುಂದದವರಿಗೆ ಬೇಜಾರಾದೀತು. ನಮ್ಮ ಅಣ್ಣ ಮಂಜುನಾಥ ಮೂರು ವರ್ಷದ ಬಿ.ಕಾಂ. ಅನ್ನು ಐದು ವರ್ಷ ಓದಿದ್ದರಿಂದ ಅವನದು ವೃಷಭಾಯ. ಈ ಒಂದು ಫಲಿತಾಂಶದ ಬಗ್ಗೆ ಮನೆಯಲ್ಲಿ ಯಾರೂ ತಕರಾರು ಮಾಡಲಿಲ್ಲ.

ಆಯದ ಮಾತು ಬಂದದ್ದರಿಂದ ಜಕ್ಕಲಿಯ ಕತೆ ಹೇಳಲೇಬೇಕು. ಜಕ್ಕಲಿಯಲ್ಲಿ ಅಪ್ಪನ ತಮ್ಮ, ನಮ್ಮ ಕಾಕಾ, ಒಕ್ಕಲುತನ ಮಾಡಿಕೊಂಡಿದ್ದಾನೆ. ಅವನು ಹಳೆಯ ಮಣ್ಣಿನ ಮಾಳಿಗೆ ಮನೆ ಕೆಡವಿ ಸ್ಲ್ಯಾಬಿನ ಮನೆ ಕಟ್ಟಿಸಲು ಹೊರಟ. ಆಗ ನಾನು ಗಜೇಂದ್ರಗಡದ ಒಬ್ಬ ಗುತ್ತಿಗೆದಾರರ ಹತ್ತಿರ ಕೆಲಸಕ್ಕೆ ಸೇರಿದ್ದೆ. ಪುಕ್ಕಟೆ ಸಿಗುತ್ತದೆ ಎಂದು ಕಾಕಾ ನಕ್ಷೆಯನ್ನು ನನ್ನಿಂದಲೇ ತೆಗೆಸಿದ. ತೆಗೆಸಿ, ಆಯ ನೋಡುವವರಿಗೆ ತೋರಿಸಿದ. ಧೂಮ ಬಂತು. ಧೂಮ ತಪ್ಪಿಸಲು ಮನೆಯನ್ನು ಬೀದಿಯ ಕಡೆಗೆ ಒಂದಿಷ್ಟು ಎಳೆದರು. ಎಳೆದದ್ದಕ್ಕೆ ನನ್ನದೇನೂ ತಕರಾರಿರಲಿಲ್ಲ. ಆದರೆ ಎಳೆದ ಮೇಲೆ ಮುಂದಿನ ಕಂಬ ಬಂದು ನಿಂತದ್ದು ಹಗೇವಿನ ನೆತ್ತಿಯ ಮೇಲೆ.

ಹಗೇವು ಅಂದರೆ ನೆಲದೊಳಗೆ ಜೋಳ ತುಂಬಿಡುವ ಕುಣಿ. ಮೇಲೆ ಒಬ್ಬ ಮನುಷ್ಯ ಇಳಿಯುವಷ್ಟೇ ಬಾಯಿ, ಒಳಗೆ ಕೋಣೆಯಷ್ಟು ಹೊಟ್ಟೆ. ಜೋಳ ತುಂಬಿ, ಕಲ್ಲು ಮುಚ್ಚಿ, ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಕೆಡುವುದಿಲ್ಲ. ಈಗ ಜೋಳ ನೇರ ಪೇಟೆಗೆ ಹೋಗುವುದರಿಂದ ಹಗೇವನ್ನು ಯಾರೂ ಕೇಳುವುದಿಲ್ಲ.

"ಕಾಕಾ, ಇಲ್ಲೆ ಹಗೇವು ಇತ್ತಲ್ಲ?" ಅಂದೆ.

"ಅದನ್ನ ನಿಮ್ಮಪ್ಪ ಯಾವಾಗೋ ಮಣ್ಣ ತುಂಬಿಸಿ ಮುಚ್ಚಿಸ್ಯಾನ."

ಅಪ್ಪನನ್ನು ಕೇಳಿದೆ. "ನಿಮ್ಮ ಕಾಕಾ ಮುಚ್ಚಿಸ್ಯಾನ," ಅಂದ.

ಇದು ನಮ್ಮವರಷ್ಟೇ ಮಾಡಬಲ್ಲ ತಪ್ಪು. ಅಣ್ಣತಮ್ಮಂದಿರು ಪಾಲಾಗುವಾಗ ಹೊಲ ಹಂಚಿಕೊಂಡರು, ಎತ್ತು ಹಂಚಿಕೊಂಡರು, ತಾಮ್ರದ ಹಂಡೆಗಾಗಿ ಒಂದು ವರ್ಷ ಮಾತು ಬಿಟ್ಟರು. ಖಾಲಿ ಹಗೇವು ಯಾರಿಗೆ ಬೇಕು? ಅದು ಯಾರ ಪಾಲಿಗೂ ಬರಲಿಲ್ಲ. ಯಾರ ಪಾಲಿಗೂ ಬಾರದ್ದನ್ನು ಇನ್ನೊಬ್ಬ ಮುಚ್ಚಿಸಿದ್ದಾನೆ ಎಂದು ಇಬ್ಬರೂ ನಂಬಿಕೊಂಡು ಆರಾಮಾಗಿದ್ದರು. ಮೇಲಿನ ಮಣ್ಣು ತುಳಿದು ತುಳಿದು ಗಟ್ಟಿಯಾಗಿ, ನೋಡಿದರೆ ಅಪ್ಪಟ ನೆಲವೇ.

ನಾನು ಮೊದಲು ನೆಲ ಪರೀಕ್ಷೆ ಮಾಡೋಣ ಅಂದೆ. ಮುಹೂರ್ತ ಮೀರುತ್ತದೆ ಅಂದರು. ನಾನು ಹಟ ಹಿಡಿದೆ. "ನೀ ಏನ ದೊಡ್ಡ ಇಂಜಿನಿಯರಾ?" ಅಂದ ಕಾಕಾ. ನನ್ನ ಸಿಟ್ಟು ನೆತ್ತಿಗೇರಿತು. ನೇರ ಹೋಗಿ ಕಂಬಕ್ಕೆಂದು ತೆಗೆದ ಗುಂಡಿಯಲ್ಲಿ ಇಳಿದು ಕುಳಿತುಬಿಟ್ಟೆ. "ಕಾಂಕ್ರೀಟು ಹಾಕೂದಿದ್ರ ನನ್ನ ಮ್ಯಾಲೆ ಹಾಕ್ರಿ," ಅಂದೆ. ಪೂಜೆಗೆ ಬಂದ ಸ್ವಾಮಿಗಳು ತೆಂಗಿನಕಾಯಿ ಹಿಡಿದುಕೊಂಡು ನಿಂತೇ ಇದ್ದರು. ಊರ ಮಂದಿ ಸೇರಿತು. ಯಾರೋ "ಹುಡುಗಿಗೆ ಗಾಳಿ ಹೊಡದೈತಿ" ಅಂದರು. ಖರೇ ಹೇಳುತ್ತೇನೆ, ಒಳಗೆ ಕೂತಾಗ ನನಗೂ ಒಂದು ಅನುಮಾನ ಬಂದಿತ್ತು: ಕೆಳಗೆ ಹಗೇವು ಟೊಳ್ಳಿದ್ದರೆ ಕಾಂಕ್ರೀಟಿಗಿಂತ ಮೊದಲು ನಾನೇ ಹೋಗುತ್ತೇನಲ್ಲ? ಆದರೆ ಹಟ ಹಿಡಿದು ಕೂತವರು ಎದ್ದು ಬಂದು ವಿಚಾರ ಮಾಡುವ ಪದ್ಧತಿ ಇಲ್ಲ.

ಕೊನೆಗೆ ಕಾಕಾ ನನ್ನನ್ನು ಎಬ್ಬಿಸಿ, "ನೋಡು, ಬರೇ ಗಟ್ಟಿ ನೆಲ ಐತಿ" ಎಂದು ತೋರಿಸಲು ತನ್ನ ಹೊಸ ಹಾರೆಯನ್ನು ಎತ್ತಿ ಬಲವಾಗಿ ಗುಂಡಿಯ ತಳಕ್ಕೆ ಹೊಡೆದ. ಹಾರೆ ನೆಲಕ್ಕೆ ನಟ್ಟಿತು. ಇನ್ನೊಮ್ಮೆ ಜಾಡಿಸಿದ. ಹಾರೆ ಅವನ ಕೈಯಿಂದ ಜಾರಿ ಸರ್ರನೆ ಒಳಗೆ ಹೋಯಿತು. ಎಲ್ಲೋ ಆಳದಲ್ಲಿ ಠಣ್ ಎಂದಿತು. ನೆರೆದ ಮಂದಿಯೆಲ್ಲ ಎರಡು ಹೆಜ್ಜೆ ಹಿಂದೆ ಸರಿದರು. ಕಾಕಾ ಆಡಿದ ಮೊದಲ ಮಾತು ಇದು:

"ಅಯ್ಯಯ್ಯೋ, ನನ್ನ ಹೊಸಾ ಹಾರಿ ಹೋತಲ್ಲೋ!"

ಹಳೆಯ ಹಗೇವಿನೊಳಗಿನ ಗಾಳಿ ಕೆಟ್ಟದ್ದು, ಯಾರೂ ಇಳಿಯುವಂತಿಲ್ಲ. ಅದರ ಹೊಟ್ಟೆ ತುಂಬ ಕಲ್ಲು, ಖಡಿ, ಸಿಮೆಂಟು ತುಂಬಿಸಿ, ಕಂಬವನ್ನು ಪಕ್ಕದ ಗಟ್ಟಿ ನೆಲಕ್ಕೆ ಸರಿಸಿ, ಮೇಲೆ ತೊಲೆ ಹಾಕಿಸಿದೆ. ಗೋಡೆ ಇದ್ದಲ್ಲೇ ಇದ್ದುದರಿಂದ ಆಯವೂ ಕೆಡಲಿಲ್ಲ. ಮನೆ ಎದ್ದು ನಿಂತಿತು. ನಮ್ಮ ಎರೆ ನೆಲ ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿಯುತ್ತದೆ, ಮಳೆ ಬಿದ್ದರೆ ಹಿಟ್ಟು ನಾದಿದಂತೆ ಉಬ್ಬುತ್ತದೆ. ಅಂಥ ನೆಲದ ಮೇಲೂ ಆ ಮನೆಗೆ ಒಂದು ಕೂದಲಿನಷ್ಟು ಸೀಳು ಬಂದಿಲ್ಲ.

ಈಗ ಹೇಳಿ, ಇದನ್ನು ಯಾವ ತಕ್ಕಡಿಯಲ್ಲಿ ತೂಗುವುದು? ಬಿದ್ದ ಮನೆ ಎಲ್ಲರಿಗೂ ಕಾಣಿಸುತ್ತದೆ. ಬೀಳದ ಮನೆಯನ್ನು ಯಾರೂ ನಿಂತು ನೋಡುವುದಿಲ್ಲ. ಅದರೊಳಗೆ ಮಲಗುತ್ತಾರೆ, ಏಳುತ್ತಾರೆ, ಜಗಳಾಡುತ್ತಾರೆ, ಹಬ್ಬಕ್ಕೆ ಸುಣ್ಣ ಹಚ್ಚುತ್ತಾರೆ. ನಾನು ಕಲಿತ ವಿದ್ಯೆಯ ಗಳಿಕೆ ಪೂರ್ತಿ ಇಂಥದ್ದೇ: ಬಾರದ ಸೀಳು, ಸೋರದ ಸ್ಲ್ಯಾಬು, ಕುಸಿಯದ ಪಾಯ. ಡಾಕ್ಟರರ ಕೈಗುಣ ಹೊಗಳುತ್ತಾರೆ, ವಕೀಲರ ಬಾಯಿ ಹೊಗಳುತ್ತಾರೆ. ಯಾರಾದರೂ ತಮ್ಮ ಮನೆಯ ಪಾಯಕ್ಕೆ ಕೈಮುಗಿದದ್ದನ್ನು ನೀವು ಕಂಡಿದ್ದೀರಾ? ನಾನಂತೂ ಕಂಡಿಲ್ಲ.

ರೂಪಾಳ ವಿಷಯ ತೀರ್ಮಾನಿಸಲು ಒಂದು ರವಿವಾರ ಸಂಜೆ ನಮ್ಮ ಪಡಸಾಲೆಯಲ್ಲಿ ಕೂಟ ಸೇರಿತು. ಅಪ್ಪ, ಜಕ್ಕಲಿಯಿಂದ ಬಂದ ಕಾಕಾ, ಅಣ್ಣ ಮಂಜುನಾಥ. ನಡುವೆ ಗಿರಮಿಟ್ಟು, ಮಿರ್ಚಿ ಭಜಿ. ಅವ್ವ ಚಹಾ ತರುವ ನೆವದಲ್ಲಿ ಪ್ರತಿಯೊಂದು ಮಾತನ್ನೂ ಕೇಳಿಸಿಕೊಂಡು ಹೋಗುತ್ತಿದ್ದಳು. ರೂಪಾ ಅಡಿಗೆಮನೆಯ ಬಾಗಿಲ ಹಿಂದೆ ನಿಂತಿದ್ದಳು. ಆಕೆಯನ್ನು ಒಳಗೆ ಕರೆಯಬೇಕು ಎಂದು ಯಾರಿಗೂ ಹೊಳೆಯಲಿಲ್ಲ.

"ಒಬ್ಬಾಕಿನ್ನ ಕಲಿಸಿ ನೋಡಿದ್ವಿ," ಎಂದು ಅಪ್ಪ ಶುರು ಮಾಡಿದ. "ಮೂರು ವರ್ಷ ಹೋತು. ವರ ಕೂಡಿ ಬರವಲ್ದು. ದಿನಾ ಬಿಸಲಾಗ ನಿಂತು ಮಾರಿ ಕರ್ರಗ ಮಾಡಿಕೊಂಡಾಳ. ಇದರಾಗ ನಮಗ ಬಂದದ್ದರ ಏನು?"

ನಾನು ಕಾಕಾನ ಕಡೆ ನೋಡಿದೆ. ನಾನು ಪಾಯದಿಂದ ಎಬ್ಬಿಸಿದ ಮನೆಯಲ್ಲಿ ಇರುವವನು ಇವನೊಬ್ಬನೇ, ಸಾಕ್ಷಿ ಹೇಳುತ್ತಾನೆ ಎಂದು ಆಸೆ. "ಕಾಕಾ, ನಿನ್ನ ಮನಿ ಹ್ಯಾಂಗೈತಿ, ನೀನ ಹೇಳು."

ಕಾಕಾ ಮೆಣಸಿನಕಾಯಿಯ ತೊಟ್ಟು ಮುರಿದು ಪಕ್ಕಕ್ಕಿಟ್ಟ. "ಮನಿ ಏನವಾ, ಕಲ್ಲಿನಂಗೈತಿ. ಏನೂ ಆಗಿಲ್ಲ."

"ಮತ್ತ?"

"ಮತ್ತ ಏನು? ಏನೂ ಆಗಿಲ್ಲ ಅಂದ ಮ್ಯಾಲೆ ನೀ ಮಾಡಿದ್ದರ ಏನು? ನನ್ನ ಒಂದ ಹಾರಿ ಮಾತ್ರ ಕಳದಿ."

ಮಂಜುನಾಥ ಫಕ್ಕನೆ ನಕ್ಕ. ಬಾಯಲ್ಲಿದ್ದ ಗಿರಮಿಟ್ಟು ಹೊರಗೆ ಬಂತು. ಬೇರೆ ದಿನವಾಗಿದ್ದರೆ ನಾನೂ ನಗುತ್ತಿದ್ದೆ. ಆದರೆ ಬಾಗಿಲ ಹಿಂದೆ ರೂಪಾಳ ಬಳೆ ಸದ್ದು ನಿಂತುಹೋದದ್ದು ನನಗೆ ಕೇಳಿಸಿತು. ನನ್ನ ಸಿಟ್ಟು ಕಟ್ಟೆ ಒಡೆಯಿತು.

"ಹಂಗಾದ್ರ ಕೇಳು ಅಪ್ಪಾ," ಅಂದೆ. "ತೂಗೂದ ಆದ್ರ ಹಿರೇ ಮಗನಿಂದ ಶುರು ಮಾಡು. ಮಂಜಣ್ಣ ಮೂರು ವರ್ಷದ್ದು ಐದು ವರ್ಷ ಓದಿದ. ಅದರಿಂದ ಏನ ಬಂತು ಅಂತ ಒಂದು ದಿನಾರ ಕೂಟ ಕರದಿ ಏನು? ಅವಂಗ ಕಾಲೇಜಿಗೆ ಗಾಡಿ ಕೊಡಸಿದಿ. ಗಾಡಿನ ತೂಗಲಿಲ್ಲ, ಅವನ್ನೂ ತೂಗಲಿಲ್ಲ. ಗಂಡ ಹುಡುಗ್ರು ಓದಿದ್ರ ಓದು, ನಾವು ಓದಿದ್ರ ಮಾಲು ಏನು?"

"ಏ, ನನ್ನನ್ನ ಯಾಕ ನಡಬರಕ ಎಳೀತಿ ತಂಗಿ? ನಾ ಕೈ ತೊಳಕೊಂಡು ಸುಮ್ಮನ ಭಜಿ ತಿನ್ನಾಕ ಬಂದೇನಿ," ಅಂದ ಮಂಜುನಾಥ. ಒಳ್ಳೆಯ ಮನುಷ್ಯ ಅವನು. ಆಮೇಲೆ ತಟ್ಟೆ ಕೆಳಗಿಟ್ಟು, "ಆದ್ರ ಆಕಿ ಹೇಳೂದು ಖರೇ ಐತಿ ಬಿಡಪಾ," ಎಂದೂ ಸೇರಿಸಿದ.

ನಾನು ನಿಲ್ಲಿಸಲಿಲ್ಲ. ಇಷ್ಟು ದಿನ ಉತ್ತರ ಹುಡುಕಿ ಹುಡುಕಿ ಬೇಸತ್ತಿದ್ದೆ. ನೋಡಿ ಇಷ್ಟು ಮನೆ ಕಟ್ಟಿದೆ, ನೋಡಿ ಇಷ್ಟು ಪಗಾರ ಬರುತ್ತದೆ ಎಂದು ಮಾದರಿ ಕಾಳಿನ ಹಾಗೆ ಅಂಗೈಯಲ್ಲಿ ಬಿದ್ದುಕೊಂಡು ಹೊಳೆಯುವ ಪ್ರಯತ್ನವೇ ತಪ್ಪು ಎಂದು ಆ ಕ್ಷಣ ಅನಿಸಿತು. "ನನಗ ಏನೂ ಬರಲಿಲ್ಲ ಅಂತನ ಹಿಡ್ಕೋರಿ," ಅಂದೆ. "ಒಂದ ಸೊನ್ನಿ. ಅದಕ್ಕ ಮ್ಯಾಲೆ ಒಂದ ಹಾರಿ ಲುಕ್ಸಾನು. ಆದ್ರೂ ರೂಪಾ ಹೋಗ್ತಾಳ. ಯಾಕಂದ್ರ ಆಕಿಗೆ ಹೋಗಬೇಕಾಗೇತಿ. ನೀವು ಕಳಸಲಿಲ್ಲಂದ್ರ ನಾ ಕರಕೊಂಡು ಹೋಗ್ತೀನಿ. ನನ್ನ ಪಗಾರ ಐತಿ, ಗದಗಿಗೆ ಬಸ್ ಐತಿ."

ಅವ್ವ ಚಹಾದ ತಾಟು ಹಿಡಿದುಕೊಂಡು ಹೊಸ್ತಿಲಲ್ಲೇ ನಿಂತಿದ್ದಳು. ಅಪ್ಪ ಟೋಪಿ ತೆಗೆದು, ಒಳಗೆ ನೋಡಿ, ಮತ್ತೆ ಹಾಕಿಕೊಂಡ. "ಹಂಗಾದ್ರ ನೀನ ಕರಕೊಂಡು ಹೋಗು. ನನಗೇನೂ ಕೇಳಬ್ಯಾಡ್ರಿ," ಅಂದ. ನಮ್ಮ ಮನೆಯಲ್ಲಿ ಇದಕ್ಕೆ ಒಪ್ಪಿಗೆ ಅನ್ನುತ್ತಾರೆ. ಅವ್ವ ಲಗೂ ಲಗೂ ಎಲ್ಲರಿಗೂ ಚಹಾ ಕೊಟ್ಟುಬಿಟ್ಟಳು, ಯಾರೂ ಮಾತು ಬದಲಿಸದಿರಲಿ ಎಂದು.

ಸೀಟು ಆರಿಸುವ ದಿನ ನಾನೂ ರೂಪಾನೂ ಗದಗಿಗೆ ಹೋದೆವು. ಬಸ್ಸಿನಲ್ಲಿ ನನ್ನ ಎದೆ ಅಂಗಿಯೊಳಗೆ ಹಿಡಿಸುತ್ತಿರಲಿಲ್ಲ. ದಾರಿಯುದ್ದಕ್ಕೂ ಆಕೆಗೆ ಪಾಯದ ಬಗ್ಗೆ, ತೊಲೆಯ ಬಗ್ಗೆ ಹೇಳಿದೆ. ನನ್ನ ಹಳೆಯ ಪುಸ್ತಕ ಎಲ್ಲಿವೆ, ಯಾವ ಮಾಸ್ತರರ ಮುಂದೆ ಹೇಗಿರಬೇಕು ಎಲ್ಲ ಹೇಳಿದೆ. ಹುಡುಗಿ ಹೂಂ, ಹೂಂ ಅನ್ನುತ್ತಿದ್ದಳು. ಸರದಿ ಬಂತು. ಮೇಜಿನ ಹಿಂದೆ ಕೂತ ಸಾಹೇಬರು "ಯಾವ ಬ್ರ್ಯಾಂಚ್?" ಅಂದರು.

"ಮೆಕ್ಯಾನಿಕಲ್," ಅಂದಳು ರೂಪಾ.

ನಾನು ಆಕೆಯ ರಟ್ಟೆ ಹಿಡಿದು ಪಕ್ಕಕ್ಕೆ ಎಳೆದೆ. "ಏ ಹುಚ್ಚಿ, ಮೆಕ್ಯಾನಿಕಲ್? ಅಲ್ಲೆ ಹುಡುಗ್ಯಾರ ಇರಂಗಿಲ್ಲ. ಕೈಯೆಲ್ಲಾ ಗ್ರೀಸು. ಅದನ್ನ ಮಾಡಿ ಏನ ಮಾಡಾಕಿ ನೀ? ಮುಂದ ಅದರಿಂದ ಬರೂದರ ಏನು?"

ರೂಪಾ ಕೈ ಬಿಡಿಸಿಕೊಂಡಳು. "ಯಾವಗಲ್ಲ ಊರಿನ ಮಾಮಾನ ಟ್ರ್ಯಾಕ್ಟರ್ ಇಂಜಿನ್ ಬಿಚ್ಚಿದ ದಿನ ನೀವೆಲ್ಲಾ ಒಳಗ ಊಟಕ್ಕ ಕುಂತಿದ್ರಿ. ನಾ ಸಂಜೀತನಕಾ ಅಲ್ಲೇ ನಿಂತಿದ್ದೆ," ಅಂದಳು. ಸ್ವಲ್ಪ ತಡೆದು ನನ್ನ ಮುಖ ನೋಡಿದಳು. "ಮತ್ತ ಏನ ಬರತೈತಿ ಅಂತ ನೀನೂ ಕೇಳ್ತಿ ಏನಕ್ಕಾ?"

ಪಡಸಾಲೆಯಲ್ಲಿ ಅಷ್ಟು ದೊಡ್ಡ ಭಾಷಣ ಬಿಗಿದವಳು ಗದಗು ಮುಟ್ಟುವುದರೊಳಗೆ ನನ್ನದೇ ಒಂದು ಕೂಟ ಕರೆದುಬಿಟ್ಟಿದ್ದೆ. ಮೇಜಿನ ಹತ್ತಿರ ಮರಳಿ ಬಂದಾಗ ಸಾಹೇಬರು ರೂಪಾಳನ್ನು ಬಿಟ್ಟು ನನ್ನನ್ನೇ ನೋಡಿದರು. "ಮೆಕ್ಯಾನಿಕಲ್ ಅಂತಾಳಲ್ರೀ ಅಕ್ಕಾರ, ಮನ್ಯಾಗ ಸರಿಯಾಗಿ ವಿಚಾರ ಮಾಡೀರೇನು?"

"ನನ್ನನ್ನ ಯಾಕ ಕೇಳ್ತೀರಿ?" ಅಂದೆ. "ಆಕಿನ್ನ ಕೇಳ್ರಿ."